ಒಂದೇ ಹೆಸರು, ಎಷ್ಟು ಜನ? ಮಲ್ಲಿತಮ್ಮ ಮತ್ತು ತಿಮ್ಮಣ್ಣ

ಶಾಸನಗಳಲ್ಲಿ ರಾಜರನ್ನು ಗುರುತಿಸೋದು ಸುಲಭ. ವಂಶ, ಬಿರುದು, ಕಾಲ ಎಲ್ಲವೂ ಸಿಗುತ್ತೆ. ಕಷ್ಟ ಬರೋದು ಸಣ್ಣವರ ವಿಷಯದಲ್ಲಿ. ಒಂದೇ ಹೆಸರು ಎರಡು ಊರಲ್ಲಿ ಕಂಡರೆ ಸಾಕು, ಇಬ್ಬರನ್ನು ಸೇರಿಸಿ ಒಬ್ಬನ ಚರಿತ್ರೆ ಬರೆದುಬಿಡುತ್ತೇವೆ.

ಕೆ.ಆರ್. ಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯ ಪಂಚಲಿಂಗೇಶ್ವರ ದೇವಾಲಯದಲ್ಲಿ ರೂವಾರಿ ಮಲ್ಲಿತಮ್ಮನ ಹೆಸರಿದೆ. ರೂವಾರಿ ಅಂದರೆ ಶಿಲ್ಪಿ. ಇದೇ ಹೆಸರು 1196ರ ಅಮೃತಾಪುರದಲ್ಲಿದೆ, 1246ರ ನುಗ್ಗೇಹಳ್ಳಿಯಲ್ಲಿದೆ, ಸೋಮನಾಥಪುರದಲ್ಲಂತೂ ಸುಮಾರು 40 ವಿಗ್ರಹಗಳ ಕೆಳಗಿದೆ. ಎಲ್ಲವೂ ಒಬ್ಬನದೇ ಎಂಬ ಮಾತು ರೂಢಿಯಲ್ಲಿದೆ. ಲೆಕ್ಕ ಹಾಕೋಣ. ಅಮೃತಾಪುರದಲ್ಲಿ ಅವನಿಗೆ 20 ವರ್ಷ ಎಂದುಕೊಂಡರೂ ಸೋಮನಾಥಪುರದ ಹೊತ್ತಿಗೆ 80 ದಾಟಿರುತ್ತೆ. ಆ ವಯಸ್ಸಲ್ಲಿ 40 ವಿಗ್ರಹ? ಉಳಿ ಹಿಡಿದವರನ್ನು ಕೇಳಿ ನೋಡಿ! ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡೋದು ನಮ್ಮಲ್ಲಿ ಹಳೆಯ ಪದ್ಧತಿ; ಕನಿಷ್ಠ ಇಬ್ಬರು ಇದ್ದರು ಅನ್ನೋದೇ ನನಗೆ ಸರಿ ಕಾಣುತ್ತೆ.

ಗ್ರೀಕ್ ಪುರಾಣದ ಟ್ರಾಯ್ ಯುದ್ಧದಲ್ಲೂ ಒಂದೇ ಸೈನ್ಯದಲ್ಲಿ ಇಬ್ಬರು ಅಜಾಕ್ಸ್‌ಗಳಿದ್ದರು. ಒಬ್ಬ ತೆಲಮೋನನ ಮಗ, ಇನ್ನೊಬ್ಬ ಒಯ್ಲಿಯಸನ ಮಗ. ಅಪ್ಪನ ಹೆಸರಿಂದ ಗೊಂದಲ ತಪ್ಪಿತು. ನಮ್ಮ ಬೇಲೂರಲ್ಲೂ ಚಾವಣ ತಾನು ಬಳ್ಳಿಗಾವೆಯ ದಾಸೋಜನ ಮಗ ಎಂದು ಬರೆಸಿದ್ದಾನೆ. ಮಲ್ಲಿತಮ್ಮನ ಸಹಿ ಮಾತ್ರ ಬರೀ ಹೆಸರು, ಕೆಲವೆಡೆ ಒಂದೆರಡು ಅಕ್ಷರ ಅಷ್ಟೇ.

ತಿಮ್ಮಣ್ಣನದು ಬೇರೆ ಥರ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ 1458ರ ಶಾಸನದಲ್ಲಿ ತಿಮ್ಮಣ್ಣ ದಂಡನಾಯಕ ಬರುತ್ತಾನೆ, ಜೊತೆಗೆ ಹೆಂಡತಿ ರಂಗಾಂಬಿಕೆ. ಈ ತಿಮ್ಮಣ್ಣ ನಾಗಮಂಗಲದ ಒಡೆಯ. 1454ರಲ್ಲಿ ಶ್ರೀರಂಗಪಟ್ಟಣದ ಕೋಟೆ ಕಟ್ಟಿಸಿದವನೂ ನಾಗಮಂಗಲದ ಹೆಬ್ಬಾರ ತಿಮ್ಮಣ್ಣ ಅಂತ ಐತಿಹ್ಯ. ಹೆಸರು ಒಂದೇ, ಊರೂ ಒಂದೇ, ನಡುವೆ ನಾಲ್ಕೇ ವರ್ಷ. ಇಲ್ಲಿ ಒಬ್ಬನೇ ಅನ್ನೋ ಕಡೆಗೆ ನನ್ನ ಒಲವು. ಆದರೆ ಒಂದು ಕಲ್ಲಿನ ಮಾತು, ಇನ್ನೊಂದು ಬಾಯಿಮಾತು. ಹಾಗಾಗಿ ಕೋಟೆಯನ್ನು ದಂಡನಾಯಕನ ಖಾತೆಗೆ ಇನ್ನೂ ಬರೆದಿಲ್ಲ.

ಗೋವಿಂದನಹಳ್ಳಿಗೆ ಹೋದರೆ ವಿಗ್ರಹಗಳ ಜೊತೆಗೆ ಸಹಿಯ ಅಕ್ಷರಗಳದ್ದೂ ಫೋಟೊ ತೆಗೆಯಿರಿ, ಓರೆ ಬೆಳಕಲ್ಲಿ. ಸೋಮನಾಥಪುರದ ಮಕಾರದ ಪಕ್ಕ ಇಟ್ಟು ನೋಡಬಹುದು.