ತಗಡಿನ ಶೆಡ್ಡಿನಲ್ಲಿ ಬಾರ್ಶಿ ರೈಲು

ಆಟಿಕೆಯ ರೈಲು ವೃತ್ತಾಕಾರದ ಹಳಿಯ ಮೇಲೆ ನಾಲ್ಕು ದಿನ ಸುತ್ತಿ ಐದನೆಯ ದಿನ ಅಟ್ಟ ಸೇರುತ್ತದೆ. ಮಾದರಿ ರೈಲುಮಾರ್ಗ ಬೇರೆಯೇ ಬಗೆಯದು. ಅಲ್ಲಿ ರೈಲಿಗೆ ಒಂದು ಊರಿರುತ್ತದೆ, ಊರಿಗೊಂದು ನಿಲ್ದಾಣವಿರುತ್ತದೆ, ನಿಲ್ದಾಣಕ್ಕೊಂದು ವೇಳಾಪಟ್ಟಿ ಇರುತ್ತದೆ. ಎಲ್ಲವೂ ಅಳತೆಗೆ ಬದ್ಧ. ಇಂಗ್ಲೆಂಡಿನ ಹಿತ್ತಲ ಶೆಡ್ಡುಗಳಲ್ಲಿ ತಲೆಮಾರುಗಳಿಂದ ಬೆಳೆದುಬಂದ ಈ ಹವ್ಯಾಸ ನಮ್ಮ ಸೋಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಮನೆಗಳಿಗೂ ಒಗ್ಗಬಲ್ಲದು. ನಮಗೆ ಅದರ ಅಗತ್ಯವೂ ಉಂಟು. ಕನ್ನಡ ಮಾಧ್ಯಮದ ಮಗು ಗಣಿತ, ವಿಜ್ಞಾನಗಳನ್ನು ಪುಸ್ತಕದಲ್ಲಿ ಮಾತ್ರ ಕನ್ನಡದಲ್ಲಿ ಕಂಡು, ಕೈಗೆಲಸದಲ್ಲಿ ಎಂದೂ ಕಾಣದೆ ಹೋದರೆ, ತನ್ನ ಭಾಷೆ ಪರೀಕ್ಷೆಗಷ್ಟೇ ಸರಿ ಎಂಬ ಭಾವನೆ ಅದರಲ್ಲಿ ಬೇರೂರುತ್ತದೆ.

ಯಾವ ಮಾರ್ಗ?

ಯಾವುದೋ ದೇಶದ ರೈಲನ್ನು ಅನುಕರಿಸಬೇಕಾಗಿಲ್ಲ. ಎವರಾರ್ಡ್ ಕ್ಯಾಲ್‌ಥ್ರಾಪ್ ಎಂಬ ಎಂಜಿನಿಯರನ ಯೋಜನೆಯಂತೆ 1897ರಲ್ಲಿ ಕುರ್ಡುವಾಡಿಯಿಂದ ಬಾರ್ಶಿಗೆ ತೆರೆದುಕೊಂಡ ಬಾರ್ಶಿ ಲೈಟ್ ರೈಲ್ವೆ ನಮ್ಮ ಬಾಗಿಲಲ್ಲೇ ಇತ್ತು. ಅದರ ಹಳಿಗಳ ನಡುವಣ ಅಗಲ 762 ಮಿಲಿಮೀಟರ್, ಅಂದರೆ ಎರಡೂವರೆ ಅಡಿ. ಮುಂದೆ ಅದು ಒಂದು ಕಡೆ ಲಾತೂರಿಗೂ ಇನ್ನೊಂದು ಕಡೆ ಪಂಢರಪುರ ಮಾರ್ಗವಾಗಿ ಮೀರಜಕ್ಕೂ ಬೆಳೆಯಿತು. ಜತ್ತ ರೋಡ್ ನಿಲ್ದಾಣ ಇರುವುದು ಆ ಮೀರಜ ದಾರಿಯಲ್ಲಿಯೇ. ವಿಠ್ಠಲನ ದರ್ಶನಕ್ಕೆ ಹೊರಟವರನ್ನು ಹೊತ್ತೊಯ್ದ ಆ ಸಣ್ಣ ರೈಲು ಈಗಿಲ್ಲ. ಈ ಶತಮಾನದಲ್ಲಿ ಅದರ ಜಾಗಕ್ಕೆ ಬ್ರಾಡ್‌ಗೇಜ್ ಬಂದಿದೆ. ಇಂದಿನ ಶಾಲಾ ಮಕ್ಕಳು ಅದನ್ನು ಕಂಡವರಲ್ಲ. ಅಜ್ಜ ಅಜ್ಜಿಯರನ್ನು ಕೇಳಿ, ಹಳೆಯ ಛಾಯಾಚಿತ್ರ ಹುಡುಕಿ, ಆ ನಿಲ್ದಾಣದ ಬೇವಿನ ಮರ ಯಾವ ಮಗ್ಗುಲಲ್ಲಿತ್ತೆಂದು ವಿಚಾರಿಸುವುದೇ ಈ ಕಾರ್ಯದ ಮೊದಲ ಅಧ್ಯಾಯ.

ಲೆಕ್ಕ

ಪ್ರಚಲಿತ ಅಳತೆಗಳಲ್ಲಿ ಒಂದು, ವಾಸ್ತವದ 87ನೆಯ ಒಂದು ಭಾಗ. 762ನ್ನು 87ರಿಂದ ಭಾಗಿಸಿದರೆ 8.76 ಮಿಲಿಮೀಟರ್. 9 ಮಿಲಿಮೀಟರ್ ಅಗಲದ ಹಳಿ ಸಿದ್ಧವಾಗಿಯೇ ಮಾರಾಟಕ್ಕಿದೆ. ವ್ಯತ್ಯಾಸ ಕಣ್ಣಿಗೆ ಕಾಣದು. ಬ್ರಾಡ್‌ಗೇಜಿನ ಹಳೆಯ ಮಾದರಿಯ ಬೋಗಿ ಸುಮಾರು 21.3 ಮೀಟರ್ ಉದ್ದ. ಇದೇ ಅಳತೆಯಲ್ಲಿ 24.5 ಸೆಂಟಿಮೀಟರ್. ಅಂಥ 24 ಬೋಗಿಗಳ ರೈಲಿಗೆ ಸುಮಾರು ಆರು ಮೀಟರ್ ಬೇಕು. ಅದು ಶೆಡ್ಡಿನ ಗೋಡೆ ಒಡೆದು ಹೊರಗೆ ಹೋದೀತು! ಗಾಡಿಗಳು ಚಿಕ್ಕವಾಗಿ, ತಿರುವುಗಳು ಬಿಗಿಯಾಗಿರುವ ಸಣ್ಣ ಹಳಿಯ ಮಾರ್ಗವೇ ನಮಗೆ ತಕ್ಕುದು.

ಹಳಿ ಹಾಸುವ ಹಲಗೆಯನ್ನು 75 ಸೆಂಟಿಮೀಟರಿಗಿಂತ ಅಗಲ ಮಾಡಬಾರದು. ಮಗುವಿನ ಕೈಗೆ ಎಟುಕದ ಹಳಿಯನ್ನು ಒರೆಸಲಾಗದು. ಆ ಅಗಲದಲ್ಲಿ 30 ಸೆಂಟಿಮೀಟರ್ ತ್ರಿಜ್ಯದ ತಿರುವು ಹಿಡಿಸುತ್ತದೆ. ಒಂದು ಹಳಿ ಇನ್ನೊಂದರ ಮೇಲೆ ಸೇತುವೆಯಲ್ಲಿ ದಾಟಲು 5 ಸೆಂಟಿಮೀಟರ್ ಏರಬೇಕೆಂದಿಟ್ಟುಕೊಳ್ಳಿ. ಏರು ನಲವತ್ತಕ್ಕೆ ಒಂದರಂತಿದ್ದರೆ, ಸೇತುವೆಗೆ ಎರಡು ಮೀಟರ್ ಮೊದಲೇ ಏರು ಆರಂಭವಾಗಬೇಕು. ತ್ರಿಜ್ಯ, ಅನುಪಾತ, ಭಾಗಾಕಾರಗಳೆಲ್ಲ ಇಲ್ಲಿ ಕೆಲಸಕ್ಕೆ ಬರುತ್ತವೆ. ಲೆಕ್ಕ ತಪ್ಪಿದರೆ ಅಂಕ ಹೋಗುವುದಿಲ್ಲ, ರೈಲು ಜಾರುತ್ತದೆ.

ಬಿಸಿಲು, ಧೂಳು, ವಿದ್ಯುತ್ತು

ನಮ್ಮ ತಗಡಿನ ಶೆಡ್ಡು ಇಂಗ್ಲೆಂಡಿನ ಶೆಡ್ಡಿನಂತಲ್ಲ. ಮಾದರಿ ಹಳಿಯ ಲೋಹಕ್ಕೆ ನಿಕಲ್ ಸಿಲ್ವರ್ ಎಂದು ಹೆಸರು. ಅದರಲ್ಲಿರುವುದು ತಾಮ್ರ, ನಿಕಲ್, ಸತು. ಬೆಳ್ಳಿ ಎಳ್ಳಷ್ಟೂ ಇಲ್ಲ. ಬೆಳಗಿಗೂ ಮಧ್ಯಾಹ್ನಕ್ಕೂ 20 ಡಿಗ್ರಿಗಳ ಅಂತರವಿದ್ದರೆ ಮೂರು ಮೀಟರ್ ಹಳಿ ಸುಮಾರು ಒಂದು ಮಿಲಿಮೀಟರ್ ಹಿಗ್ಗುತ್ತದೆ. ಸಂದುಗಳಲ್ಲಿ ಅಷ್ಟು ಎಡೆ ಬಿಡದಿದ್ದರೆ ಹಳಿ ಹಾವಿನಂತೆ ಡೊಂಕಾಗುತ್ತದೆ. ತಗಡಿನ ಕೆಳಗೆ ಥರ್ಮೋಕೋಲ್ ಹಾಳೆ ಹೊದಿಸುವುದು, ಹಲಗೆಯ ಕಾಲುಗಳಿಗೆ ಗೆದ್ದಲಿನ ಔಷಧ ಹಚ್ಚುವುದು, ಆಟ ಮುಗಿದೊಡನೆ ಬಟ್ಟೆ ಮುಚ್ಚುವುದು ಕಡ್ಡಾಯವೆಂದೇ ತಿಳಿಯಬೇಕು. ಎಂಜಿನ್ ನಿಂತುಹೋಗಲು ಮುಖ್ಯ ಕಾರಣ ಮೋಟಾರಲ್ಲ, ಹಳಿಯ ಮೇಲಿನ ಧೂಳು.

ಎಂಜಿನ್‌ಗೆ ಬೇಕಾದುದು 12 ವೋಲ್ಟಿನ ನೇರ ವಿದ್ಯುತ್ತು. ಒಂದು ಹಳಿ ಧನ, ಇನ್ನೊಂದು ಋಣ. ರೈಲು ಕುಣಿಕೆಯಾಕಾರದಲ್ಲಿ ಸುತ್ತಿ ಬಂದ ಹಳಿಯನ್ನೇ ಮರಳಿ ಸೇರುವಂತೆ ಹಾಸಿದರೆ ಧನದ ಹಳಿ ಋಣದ ಹಳಿಗೆ ತಾಗಿ ಮಂಡಲ ಕೆಡುತ್ತದೆ. ಕುಣಿಕೆಯ ಎರಡೂ ತುದಿಗಳಲ್ಲಿ ಹಳಿಯನ್ನು ಕತ್ತರಿಸಿ ಅದಕ್ಕೆ ಪ್ರತ್ಯೇಕ ಸ್ವಿಚ್ ಕೊಡುವುದೇ ಪರಿಹಾರ. ಇದನ್ನು ಕಾಗದದ ಮೇಲೆ ತಾನೇ ಕಂಡುಕೊಂಡ ಮಗುವಿಗೆ ವಿದ್ಯುನ್ಮಂಡಲದ ಪಾಠವನ್ನು ಬೇರೆ ಹೇಳಬೇಕಾಗಿಲ್ಲ. 230 ವೋಲ್ಟಿನ ಜೋಡಣೆಯನ್ನು ಮಾತ್ರ ಬಲ್ಲ ಹಿರಿಯರೇ ಮಾಡಬೇಕು.

ಓಡಿಸುವುದೇ ಮುಖ್ಯ

ಕಟ್ಟಿ ಮುಗಿದ ಮೇಲೆ ಹಲವರಿಗೆ ಬೇಸರ ಬರುತ್ತದೆ. ರೈಲು ಸುಮ್ಮನೆ ಸುತ್ತುವುದೇ ಅದಕ್ಕೆ ಕಾರಣ. ಇಂಗ್ಲೆಂಡಿನ ಪಾದ್ರಿ ಪೀಟರ್ ಡೆನ್ನಿ ಕಟ್ಟಿದ ಬಕಿಂಗ್‌ಹ್ಯಾಮ್ ಮಾರ್ಗ ಲೋಕಪ್ರಸಿದ್ಧವಾದುದು ವೇಳಾಪಟ್ಟಿಯಂತೆ, ನಿಲ್ದಾಣದಿಂದ ನಿಲ್ದಾಣಕ್ಕೆ ಗಂಟೆಯ ಸಂಕೇತ ಕೊಟ್ಟು ಓಡಿಸಿದ್ದರಿಂದ. ಒಂದು ನಿಲ್ದಾಣವನ್ನು ನಡೆಸುತ್ತಿದ್ದ ಮಗನ ಬದಲಿಗೆ ಡೆನ್ನಿ ಒಂದು ಸ್ವಯಂಚಾಲಿತ ಯಂತ್ರವನ್ನು ರಚಿಸಿ, ಅದಕ್ಕೆ ಮಗನ ಹೆಸರನ್ನೇ ಇಟ್ಟರು.

ನಮ್ಮಲ್ಲಿಯೂ ಹಾಗೆ ಮಾಡಬಹುದು. ಒಂದು ನಿಲ್ದಾಣ ಅಣ್ಣನಿಗೆ, ಇನ್ನೊಂದು ತಂಗಿಗೆ, ನಡುವೆ ಒಂದೇ ಹಳಿ. ಏಕಹಳಿಯ ಮಾರ್ಗಗಳಲ್ಲಿ ಚಾಲಕನಿಗೆ ಟೋಕನ್ ಚೆಂಡು ಕೊಡುತ್ತಿದ್ದ ಪದ್ಧತಿಯಂತೆ ಇಲ್ಲಿಯೂ ಒಂದೇ ಒಂದು ಗೋಲಿ ಇರಲಿ. ಗೋಲಿ ಕೈಯಲ್ಲಿಲ್ಲದೆ ಯಾರೂ ರೈಲು ಬಿಡುವಂತಿಲ್ಲ. ವಕೀಲಿ ವೃತ್ತಿಯವನಾದ ನನಗೆ ಈ ಆಟದ ಬೆಲೆಯುಳ್ಳ ಪಾಠ ಇದೇ ಎನಿಸುತ್ತದೆ. ಎದುರುಬದುರಾಗಿ ಬಂದ ಎರಡು ಎಂಜಿನ್‌ಗಳನ್ನು ಕಂಡ ಮಗು, ನಿಯಮವೆಂಬುದು ಹಿರಿಯರ ಹಟವಲ್ಲವೆಂದು ತಾನೇ ತಿಳಿಯುತ್ತದೆ. ವೇಗಕ್ಕೂ ಲೆಕ್ಕವುಂಟು: ಗಂಟೆಗೆ 40 ಕಿಲೋಮೀಟರ್ ಎಂದರೆ ಈ ಅಳತೆಯಲ್ಲಿ ಸೆಕೆಂಡಿಗೆ ಸುಮಾರು 13 ಸೆಂಟಿಮೀಟರ್. ಅಷ್ಟು ನಿಧಾನವಾಗಿ ಓಡಿಸಲು ತಾಳ್ಮೆ ಬೇಕು.

ಆರಂಭ ಹೇಗೆ?

ಖರ್ಚಿನ ಬಾಬು ಎಂಜಿನ್ ಮತ್ತು ಹಳಿ. ಬಾರ್ಶಿಯ ಎಂಜಿನ್ ಅಂಗಡಿಯಲ್ಲಿ ದೊರೆಯದು. 9 ಮಿಲಿಮೀಟರ್ ಹಳಿಯ ಯಾವುದಾದರೂ ಎಂಜಿನ್ನಿನ ತಳದ ಮೇಲೆ ರಟ್ಟಿನ ಒಡಲನ್ನು ನಾವೇ ಕೂರಿಸಬೇಕು. ಜರಡಿ ಹಿಡಿದ ಕಲ್ಲುಪುಡಿ ಜಲ್ಲಿಯಾಗುತ್ತದೆ, ತೆಂಗಿನ ನಾರು ಹುಲ್ಲಾಗುತ್ತದೆ, ಹೊಲದ ಕರಿಮಣ್ಣು ಹೊಲವೇ ಆಗುತ್ತದೆ. ಎರಡು ಮೂರು ಮನೆಯವರು ಕೂಡಿದರೆ, ಅಥವಾ ಶಾಲೆಯು ಬಳಕೆಯಲ್ಲಿಲ್ಲದ ಒಂದು ಕೋಣೆ ಕೊಟ್ಟರೆ, ಭಾರ ಹಗುರ. ಮೊದಲು ಒಂದು ಮೀಟರ್ ಹಲಗೆ, ಒಂದು ನಿಲ್ದಾಣ ಸಾಕು. ಪುಣೆಯ ಕೋಥ್ರೂಡಿನಲ್ಲಿ ಭಾವುಸಾಹೇಬ ಜೋಶಿಯವರು 1998ರಲ್ಲಿ ತೆರೆದ ಕಿರು ರೈಲುಗಳ ಸಂಗ್ರಹಾಲಯವನ್ನು ಮಕ್ಕಳಿಗೆ ಮೊದಲು ತೋರಿಸಿದರೆ ಉತ್ಸಾಹ ಇಮ್ಮಡಿಸೀತು.

ಕೆಲಸ ನಡೆಯುವಾಗ ಹಳಿ, ತಿರುವು, ಏರು, ಅನುಪಾತ ಎಂಬ ಮಾತುಗಳು ಮನೆಯಲ್ಲಿ ಕನ್ನಡದಲ್ಲಿಯೇ ಓಡಾಡಲಿ. ಸಿಗ್ನಲ್, ಸ್ವಿಚ್ಚುಗಳು ಬಂದರೆ ಅವೂ ನಮ್ಮವೇ. ಮಹಾರಾಷ್ಟ್ರದ ನಿಲ್ದಾಣಗಳ ಹೆಸರು ಫಲಕದಲ್ಲಿ ಮರಾಠಿ, ಹಿಂದಿ, ಇಂಗ್ಲಿಷ್ ಇರುತ್ತವೆ. ಶೆಡ್ಡಿನೊಳಗಿನ ಜತ್ತ ರೋಡಿನ ಫಲಕದಲ್ಲಿ ಅವು ಮೂರರ ಜೊತೆಗೆ ಕನ್ನಡದ ಸಾಲನ್ನೂ ಮಕ್ಕಳು ಬರೆಯಲಿ. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.