ಬಸ್ಸಿನಲ್ಲಿ ತಲೆ ಎಣಿಸುವ ಹೊತ್ತು

ಶಾಲಾ ಬಸ್ಸಿನಲ್ಲಿ ಗಲಾಟೆ ಮಾಡಬೇಡಿ ಎಂದರೆ ಮಕ್ಕಳಿಗೆ ಅದು ಬರೀ ಬೈಗುಳದಂತೆ ಕೇಳಿಸುತ್ತದೆ. ಕಾರಣ ಹೇಳಿದರೆ ಒಪ್ಪುತ್ತಾರೆ.

ಬೆಳಿಗ್ಗೆ ಹತ್ತಿದವರೆಷ್ಟು, ಶಾಲೆಯಲ್ಲಿ ಇಳಿದವರೆಷ್ಟು ಎಂದು ಆಯಾ ಎಣಿಸುತ್ತಾರೆ. ಆಗ ನೂಕಾಡಿದರೆ, ಒಬ್ಬರ ಹೆಸರಿಗೆ ಇನ್ನೊಬ್ಬರು ತಮಾಷೆಗೆ ‘ಪ್ರೆಸೆಂಟ್’ ಎಂದರೆ ಲೆಕ್ಕ ತಪ್ಪುತ್ತದೆ. ಹಿಂದಿನ ಸೀಟಿನಲ್ಲಿ ನಿದ್ದೆಹೋದ ಕೆ.ಜಿ. ಮಗು ಒಳಗೇ ಉಳಿದುಬಿಡಬಹುದು. ಬಿಸಿಲಿನಲ್ಲಿ ನಿಂತ, ಕಿಟಕಿ ಮುಚ್ಚಿದ ವಾಹನದೊಳಗೆ ಹತ್ತೇ ನಿಮಿಷದಲ್ಲಿ ತಾಪ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ದೊಡ್ಡವರಿಗಿಂತ ಪುಟ್ಟ ಮಕ್ಕಳ ಮೈ ಬೇಗ ಕಾಯುತ್ತದೆ. ಇಲ್ಲಿನ ಬೇಸಿಗೆಯಂತೂ ನಿಮಗೆ ಗೊತ್ತೇ ಇದೆ! ಇಳಿಯುವ ಮುನ್ನ ಹಿಂದೆ ತಿರುಗಿ ನೋಡಿ, ಮಲಗಿದವರನ್ನು ಎಬ್ಬಿಸುವುದು ದೊಡ್ಡ ತರಗತಿಯವರ ಕೆಲಸ.

ಪೋಷಕರಿಗೂ ಒಂದು ಮಾತು. ಯುಎಇಯಲ್ಲಿ ಶಾಲಾ ಬಸ್ಸಿನ ‘ಸ್ಟಾಪ್’ ಫಲಕ ಚಾಚಿದಾಗ ಬೇರೆ ವಾಹನಗಳು ಕನಿಷ್ಠ 5 ಮೀಟರ್ ದೂರದಲ್ಲಿ ನಿಲ್ಲಬೇಕು. ನಿಲ್ಲದಿದ್ದರೆ 1,000 ದಿರ್ಹಂ ದಂಡ, ಜೊತೆಗೆ 10 ಕಪ್ಪು ಅಂಕ. ಹಿಂದಿನಿಂದ ಹಾರ್ನ್ ಹೊಡೆಯುವವರಲ್ಲಿ ನಮ್ಮವರೂ ಇರುತ್ತಾರೆ, ಏನು ಹೇಳೋಣ! ಮಗು ರಜೆ ಹಾಕಿದ ದಿನ, ಅಥವಾ ನೀವೇ ಕಾರಿನಲ್ಲಿ ಕರೆದೊಯ್ಯುವ ದಿನ, ಆಯಾಗೆ ಮೊದಲೇ ಒಂದು ಫೋನ್ ಮಾಡಿ. ಅವರ ಪಟ್ಟಿ ಸರಿಯಾಗಿರಲಿ.