ಗೋಡೆಯ ಮೇಲೆ ದಾರಿ, ನೆಲದೊಳಗೆ ಊರು

ಗೋಡೆಯ ಬುಡದಿಂದ ಬಾಗಿಲ ಚೌಕಟ್ಟಿನ ಕಡೆಗೆ ತೆಳ್ಳನೆಯ ಮಣ್ಣಿನ ಗೆರೆಯೊಂದು ಏರಿದ್ದು ಕಂಡರೆ, ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಮನೆಗಳಲ್ಲಿ ಸಾಮಾನ್ಯವಾಗಿ ಮಾಡುವುದು ಒಂದೇ: ಕಸಬರಿಗೆಯಿಂದ ಕೆರೆದು, ಮೇಲಿಷ್ಟು ಸೀಮೆಎಣ್ಣೆ ಸುರಿಯುವುದು. ಕೆಲವೇ ದಿನಗಳಲ್ಲಿ ಪಕ್ಕದಲ್ಲಿ ಹೊಸ ಗೆರೆ ಏಳುತ್ತದೆ. ಸೀಮೆಎಣ್ಣೆ ತಾಗಿದ ಹುಳ ಸಾಯುತ್ತದೆ, ನಿಜ. ಆದರೆ ಗೋಡೆಯ ಮೇಲಿರುವುದು ಗೆದ್ದಲಿನ ದಾರಿ ಮಾತ್ರ. ಅದರ ಊರು ನೆಲದೊಳಗೆ, ಎಷ್ಟೋ ಸಲ ಮನೆಯ ಹೊರಗೇ ಇರುತ್ತದೆ.

ದುಡಿಯುವ ಗೆದ್ದಲಿಗೆ ಕಣ್ಣಿಲ್ಲ, ಮೈಯ ಹೊದಿಕೆ ತೀರ ತೆಳು. ಬೇಸಿಗೆಯ ಒಣಗಾಳಿಗೆ ಬಿದ್ದರೆ ಬೇಗ ಒಣಗಿ ಸಾಯುತ್ತದೆ. ಅದಕ್ಕೇ ಮಣ್ಣು, ಜೊಲ್ಲು, ಹಿಕ್ಕೆ ಕಲಸಿ ಸುರಂಗ ಕಟ್ಟಿಕೊಂಡು, ನೆಲದ ತೇವವನ್ನು ಜೊತೆಗೇ ಒಯ್ಯುತ್ತದೆ. ಗೆದ್ದಲನ್ನು ತಡೆಯುವುದೆಂದರೆ ಮೊದಲು ಆ ತೇವವನ್ನು ತಡೆಯುವುದು.

ಹೊಲದ ಬದುವಿನಲ್ಲಿ ಹುತ್ತ ಕಟ್ಟುವ ಓಡಾಂಟೊಟರ್ಮಿಸ್ ಕುಲದ ಗೆದ್ದಲುಗಳು ಮನೆಗೂ ನುಗ್ಗುತ್ತವೆ. ಇವುಗಳ ಬದುಕು ಬೆರಗು ಹುಟ್ಟಿಸುವಂಥದ್ದು. ತಿಂದ ಕಟ್ಟಿಗೆಯನ್ನು ಇವು ತಾವಾಗಿಯೇ ಪೂರ್ತಿ ಅರಗಿಸಿಕೊಳ್ಳಲಾರವು. ಅರೆಬರೆ ಅರಗಿದ ನಾರನ್ನು ಗೂಡಿನಲ್ಲಿ ಒಟ್ಟಿ, ಅದರ ಮೇಲೆ ಟರ್ಮಿಟೊಮೈಸಿಸ್ ಎಂಬ ಶಿಲೀಂಧ್ರವನ್ನು ಬೆಳೆಸುತ್ತವೆ. ಮರದ ಗಟ್ಟಿತನವನ್ನು ಶಿಲೀಂಧ್ರ ಮುರಿದುಕೊಟ್ಟ ಮೇಲೆ ಅದನ್ನು ಉಣ್ಣುತ್ತವೆ. ಮನುಷ್ಯ ಬೇಸಾಯ ಕಲಿತು ಹತ್ತು ಹನ್ನೆರಡು ಸಾವಿರ ವರ್ಷವಾಯಿತು. ಗೆದ್ದಲಿನ ಈ ಬೇಸಾಯ ಶುರುವಾಗಿ ಸುಮಾರು 3 ಕೋಟಿ ವರ್ಷ. ಮಳೆಗಾಲದಲ್ಲಿ ಹುತ್ತದ ಮೇಲೆದ್ದು ನಮ್ಮ ಸಾರಿಗೆ ಬರುವ ಅಣಬೆ ಆ ತೋಟದ್ದೇ. ನಮ್ಮ ಬಾಗಿಲ ಮರ ಸೇರುವುದೂ ಅಲ್ಲಿಗೇ. ಆಳದ ಕೋಣೆಯಲ್ಲಿ ರಾಣಿ ದಿನಕ್ಕೆ ಸಾವಿರಾರು ಮೊಟ್ಟೆ ಇಡುತ್ತಿರುವಾಗ, ಗೋಡೆಯ ಮೇಲೆ ನೂರು ಹುಳ ಸತ್ತರೆ ಊರಿಗೆ ಏನೂ ತಟ್ಟದು.

ಈ ಸೀಮೆ ಗೆದ್ದಲಿಗೆ ಅನುಕೂಲವಾಗಿಯೇ ಇದೆ. ಘಟಪ್ರಭೆಯ ನೀರು ಹರಿದಲ್ಲೆಲ್ಲ ಕಬ್ಬು. ನೆಟ್ಟ ಕಬ್ಬಿನ ತುಂಡನ್ನು ಒಳಗಿಂದಲೇ ಟೊಳ್ಳು ಮಾಡುವ ಗೆದ್ದಲು ರೈತರಿಗೆ ಹೊಸದಲ್ಲ. ರವದಿ, ಜೋಳದ ಕಣಿಕೆ, ಕುಳ್ಳು, ಕಟ್ಟಿಗೆ ಎಲ್ಲವೂ ಹಿತ್ತಲ ಗೋಡೆಗೆ ಆನಿಕೊಂಡೇ ಬೀಳುತ್ತವೆ. ಆ ರಾಶಿಯ ಅಡಿಯಲ್ಲಿ ನೆರಳು, ತೇವ, ಆಹಾರ ಮೂರೂ ಸಿಗುವಾಗ ಗೆದ್ದಲು ಬೇರೆ ಕಡೆ ಯಾಕೆ ಹೋದೀತು? 2019ರ ಆಗಸ್ಟಿನಲ್ಲಿ ಘಟಪ್ರಭಾ, ಹಿರಣ್ಯಕೇಶಿ ಉಕ್ಕಿ ಹರಿದಾಗ ಎಷ್ಟೋ ಮನೆಗಳ ಗೋಡೆಗಳು ದಿನಗಟ್ಟಲೆ ನೀರಿನಲ್ಲಿ ನಿಂತವು. ಹಾಗೆ ನೆನೆದ ಮಣ್ಣಿನ ಗೋಡೆ, ಮಾಳಿಗೆಯ ತೊಲೆ, ಜಂತಿ ಆರಲು ಬಹಳ ಕಾಲ ಬೇಕು. ಇನ್ನು ಎರಿಭೂಮಿ. ಬೇಸಿಗೆಯಲ್ಲಿ ಅದು ಬಾಯಿಬಿಟ್ಟು, ಅಡಿಪಾಯದ ಮಗ್ಗುಲಲ್ಲೇ ಬಿರುಕು ಬಿಡುತ್ತದೆ. ಮಣ್ಣಿಗೆ ಹಾಕಿದ ಔಷಧದ ತಡೆ ಎಲ್ಲಿ ಹರಿಯಿತೋ ಅಲ್ಲಿ ಹುಳಕ್ಕೆ ದಾರಿ.

ಆದ್ದರಿಂದ ಔಷಧದ ಅಂಗಡಿಗೆ ಹೋಗುವ ಮೊದಲು ಬಣವಿಯನ್ನು ಗೋಡೆಯಿಂದ ದೂರ ಸರಿಸಿ ಎನ್ನುತ್ತೇನೆ. ಬಚ್ಚಲ ನೀರು ಅಡಿಪಾಯಕ್ಕೆ ಇಂಗದಿರಲಿ. ಸೋರುವ ನಳ ಕೂಡಲೇ ರಿಪೇರಿಯಾಗಲಿ. ಕಪಾಟು, ಟ್ರಂಕು, ಕಾಗದದ ಗಂಟು ಗೋಡೆಗೆ ತಾಗದಿದ್ದರೆ ಹಿಂದೆ ಏನು ನಡೆದಿದೆ ಎಂದು ಕಣ್ಣಿಗೆ ಬೀಳುತ್ತದೆ.

ಹೊಸ ಮನೆ ಕಟ್ಟುವವರಿಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 6313 ಎಂಬ ಮಾನದಂಡವಿದೆ. ಅಡಿಪಾಯದ ಗುಂಡಿಯ ತಳಕ್ಕೆ, 30 ಸೆಂಟಿಮೀಟರ್ ಎತ್ತರದವರೆಗೆ ಅದರ ಮಗ್ಗುಲಿಗೆ, ಮುಂದೆ ನೆಲಗಟ್ಟಿಗೆ ತುಂಬಿದ ಮಣ್ಣಿನ ಮೇಲೆ ಪ್ರತಿ ಚದರ ಮೀಟರಿಗೆ 5 ಲೀಟರ್ ಔಷಧದ ದ್ರಾವಣ ಬೀಳಬೇಕು. ಆಮೇಲೆ ಪೈಪಿಗೆಂದು ಯಾರಾದರೂ ಅಗೆದರೆ ಅಲ್ಲಿ ಮತ್ತೆ ಹಾಕಬೇಕು. ಇದನ್ನು ಮಾತ್ರ ಬಹಳ ಜನ ಮರೆಯುತ್ತಾರೆ. ಕಟ್ಟಿ ಮುಗಿದ ಮನೆಯಾದರೆ ನೆಲ ಮತ್ತು ಗೋಡೆ ಕೂಡುವಲ್ಲಿ 30 ಸೆಂಟಿಮೀಟರಿಗೊಂದರಂತೆ 12 ಮಿಲಿಮೀಟರ್ ತೂತು ಕೊರೆದು, ಔಷಧ ಇಳಿಸಿ ಮುಚ್ಚುತ್ತಾರೆ.

ಒಂದು ಕಾಲಕ್ಕೆ ಇದಕ್ಕೆ ಆಲ್ಡ್ರಿನ್, ಕ್ಲೋರ್ಡೇನ್ ಬಳಸುತ್ತಿದ್ದರು. ದಶಕಗಟ್ಟಲೆ ಮಣ್ಣಿನಲ್ಲಿ ಉಳಿದು ಜೀವಿಗಳ ಮೈ ಸೇರುವ ವಿಷಗಳವು. 2001ರ ಸ್ಟಾಕ್‌ಹೋಮ್ ಒಪ್ಪಂದದ ಮೊದಲ ಪಟ್ಟಿಯಲ್ಲೇ ಅವುಗಳ ಹೆಸರಿತ್ತು. ಈಗ ಬಳಕೆಯಲ್ಲಿರುವ ಇಮಿಡಾಕ್ಲೋಪ್ರಿಡ್, ಫಿಪ್ರೊನಿಲ್ ಇರುವುದು ಗೆದ್ದಲಿಗೆ ಗೊತ್ತಾಗುವುದಿಲ್ಲ. ಹುಳ ಅದರ ನಡುವೆಯೇ ಹಾದುಹೋಗುತ್ತದೆ, ಕೂಡಲೇ ಸಾಯುವುದೂ ಇಲ್ಲ. ಗೆದ್ದಲುಗಳು ಒಂದರ ಮೈ ಇನ್ನೊಂದು ನೆಕ್ಕುತ್ತವೆ, ಬಾಯಿಂದ ಬಾಯಿಗೆ ಉಣಿಸುತ್ತವೆ. ಹಾಗೆ ವಿಷವೂ ಹಂಚಿಹೋಗುತ್ತದೆ. ಅವಸರದಲ್ಲಿ ಹುಳ ಕೊಲ್ಲುವ ಸೀಮೆಎಣ್ಣೆಗೆ ಸಾಧ್ಯವಾಗದ್ದು ಇದಕ್ಕೆ ಸಾಧ್ಯ. ಆದರೆ ಬಾವಿ, ಕೊಳವೆಬಾವಿ, ಕುಡಿಯುವ ನೀರಿನ ತೊಟ್ಟಿಯ ಹತ್ತಿರ ಇದನ್ನು ಸುರಿಯಲೇಬಾರದು. ಅಳತೆ ಬಲ್ಲವರ ಕೈಯಲ್ಲೇ ಕೆಲಸ ಮಾಡಿಸಬೇಕು.

ದುಡ್ಡು ಕೊಡುವ ಮುನ್ನ ಹುಳ ಯಾವುದೆಂದು ನೋಡಿಕೊಳ್ಳಿ. ಮಣ್ಣಿನ ಸುರಂಗವಿದ್ದರೆ ಅದು ನೆಲದ ಗೆದ್ದಲು. ಮಣ್ಣಿಲ್ಲದೆ, ಮರದ ಕೆಳಗೆ ಗಸಗಸೆಯಂಥ ಗಟ್ಟಿ ಹಿಕ್ಕೆ ಉದುರಿದ್ದರೆ ಒಣಮರದೊಳಗೇ ಬಾಳುವ ಬೇರೆ ಜಾತಿಯ ಗೆದ್ದಲು. ಸಣ್ಣ ದುಂಡು ತೂತುಗಳಿಂದ ನುಣ್ಣನೆಯ ಪುಡಿ ಬೀಳುತ್ತಿದ್ದರೆ ಗೆದ್ದಲೇ ಅಲ್ಲ, ಮರ ಕೊರೆಯುವ ದುಂಬಿ. ಈ ಎರಡಕ್ಕೂ ನೆಲದ ನಂಟಿಲ್ಲ. ಚಿಕಿತ್ಸೆ ಆಗಬೇಕಾದದ್ದು ಆ ಮರಕ್ಕೆ. ನೆಲ ಕೊರೆಸಿದರೆ ಖರ್ಚು ವ್ಯರ್ಥ.